ಅಜ್ಜನ ಪಿಸ್ತೂಲು ಯಾವ ಬಗೆಯದು? ಕ್ರಮಸಂಖ್ಯೆ ಹೇಳುವ ಚರಿತ್ರೆ

ಮಂಗಳೂರು: ಚುನಾವಣೆ ಘೋಷಣೆಯಾಗಿ ಮಾದರಿ ನೀತಿ ಸಂಹಿತೆ ಜಾರಿಗೆ ಬಂದೊಡನೆ, ಪರವಾನಗಿ ಪಡೆದ ಆಯುಧಗಳನ್ನು ಸಮೀಪದ ಪೊಲೀಸ್ ಠಾಣೆಯಲ್ಲಿ ಠೇವಣಿ ಇರಿಸುವಂತೆ ಸೂಚನೆ ಹೊರಡುವುದು ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ವಾಡಿಕೆ. ಹಾಗೆ ಠಾಣೆಗೆ ಬರುವವುಗಳಲ್ಲಿ ಬಹುಪಾಲು ಬೆಳೆ ರಕ್ಷಣೆಗೆಂದು ಕೃಷಿಕರು ಇಟ್ಟುಕೊಂಡ ಒಂಟಿ ನಳಿಗೆ, ಜೋಡಿ ನಳಿಗೆಯ ಕೋವಿಗಳು. ಅವುಗಳ ನಡುವೆ ಅಲ್ಲೊಂದು ಇಲ್ಲೊಂದು ಹಳೆಯ ಕಾಲದ ವಿದೇಶೀ ಪಿಸ್ತೂಲೂ ಇರುತ್ತದೆ. ರಶೀದಿಯಲ್ಲಿ ಅದರ ತಯಾರಕರ ಹೆಸರು, ಬೋರು ಮತ್ತು ಕ್ರಮಸಂಖ್ಯೆ ದಾಖಲಾಗುತ್ತದೆ. ಮನೆಯವರಲ್ಲಿ ಅದರ ಬಗೆಗೆ ಇರುವ ಕಥೆಗಳು ಬೇರೆ. ಯುದ್ಧದಿಂದ ಬಂದದ್ದು, ದೊರೆಗಳು ಕೊಟ್ಟದ್ದು, 1903ರಲ್ಲಿ ತಯಾರಾದದ್ದು ಎಂಬಿತ್ಯಾದಿ ಮಾತುಗಳು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಹರಿದು ಬರುತ್ತವೆ.

ಈ ಮಾತುಗಳಲ್ಲಿ ಎಷ್ಟು ನಿಜ ಎಂಬುದನ್ನು ಪಿಸ್ತೂಲೇ ಹೇಳಬಲ್ಲದು. ಅದರ ಮೈಮೇಲಿನ ಅಚ್ಚು, ಕ್ರಮಸಂಖ್ಯೆ, ನಳಿಗೆಯ ಉದ್ದ, ಹಿಡಿಯ ಪಟ್ಟಿ, ಲೋಹದ ಲೇಪ ಇವೆಲ್ಲವೂ ಒಂದಕ್ಕೊಂದು ಹೊಂದಿಕೊಳ್ಳುವ ಸಾಕ್ಷಿಗಳು. ಇವನ್ನು ಓದಲು ಕಲಿಯುವುದು ಸಂಗ್ರಾಹಕರ ಹವ್ಯಾಸ ಮಾತ್ರವೆಂದು ತಿಳಿಯಬೇಕಾಗಿಲ್ಲ. ಯಜಮಾನರು ತೀರಿಕೊಂಡ ಬಳಿಕ ಪಿಸ್ತೂಲಿನ ವಾರಸುದಾರರಾಗುವ ಕುಟುಂಬಕ್ಕೆ ಅದರ ಬೆಲೆ, ಅದರ ಅಪಾಯ ಮತ್ತು ಅದರ ಕಾನೂನು ಸ್ಥಿತಿ ಮೂರೂ ಈ ಓದಿನ ಮೇಲೆ ನಿಂತಿವೆ.

ಉದಾಹರಣೆಗೆ ಒಂದೇ ಒಂದು ಪಿಸ್ತೂಲನ್ನು ಇಲ್ಲಿ ಆರಿಸಿಕೊಳ್ಳಲಾಗಿದೆ. ಅದು ಅಮೆರಿಕದ ಕೋಲ್ಟ್ ಕಂಪೆನಿಯ 1903ರ ಮಾದರಿಯ .32 ಬೋರಿನ ಪಾಕೆಟ್ ಪಿಸ್ತೂಲು. ಭಾರತದ ಸ್ವಾತಂತ್ರ್ಯ ಹೋರಾಟದ ಚರಿತ್ರೆಯಲ್ಲೂ ಸ್ಥಾನ ಪಡೆದ ಆಯುಧವಿದು.

ಭಗತ್ ಸಿಂಗ್ ಪಿಸ್ತೂಲು ಪತ್ತೆಯಾದ ಬಗೆ

1928ರ ಡಿಸೆಂಬರ್ 17ರಂದು ಲಾಹೋರಿನಲ್ಲಿ ಪೊಲೀಸ್ ಅಧಿಕಾರಿ ಸಾಂಡರ್ಸ್ ಹತ್ಯೆಯಾಯಿತು. ಆ ಪ್ರಕರಣದಲ್ಲಿ ಭಗತ್ ಸಿಂಗ್ ಬಳಸಿದರೆಂದು ದಾಖಲಾದ ಪಿಸ್ತೂಲು ದಶಕಗಳ ಕಾಲ ಎಲ್ಲಿದೆಯೆಂಬುದೇ ಸಾರ್ವಜನಿಕರಿಗೆ ತಿಳಿದಿರಲಿಲ್ಲ. ವಾಸ್ತವದಲ್ಲಿ ಅದು ಇಂದೋರಿನಲ್ಲಿರುವ ಗಡಿ ಭದ್ರತಾ ಪಡೆಯ ಶಸ್ತ್ರ ತರಬೇತಿ ಶಾಲೆಯ ವಸ್ತುಸಂಗ್ರಹಾಲಯದಲ್ಲಿ, ಇತರ ಆಯುಧಗಳ ಸಾಲಿನಲ್ಲಿ ಇತ್ತು. ತುಕ್ಕು ಹಿಡಿಯದಿರಲೆಂದು ಆಯುಧಗಳಿಗೆ ಕಪ್ಪು ಬಣ್ಣ ಬಳಿಯಲಾಗಿತ್ತು. 2016-17ರ ಅವಧಿಯಲ್ಲಿ ಲಾಹೋರ್ ಮೊಕದ್ದಮೆಯ ಕಡತದಲ್ಲಿದ್ದ ಸಂಖ್ಯೆಯ ಜಾಡು ಹಿಡಿದು ಹುಡುಕಾಟ ನಡೆಯಿತು. ಬಣ್ಣವನ್ನು ಕೆರೆದು ನೋಡಿದಾಗ ಫ್ರೇಮಿನ ಮೇಲೆ 168896 ಎಂಬ ಸಂಖ್ಯೆ ಕಾಣಿಸಿತು. ಕಡತದ ಸಂಖ್ಯೆಯೂ ಅದೇ ಆಗಿತ್ತು. ಆ ಬಳಿಕ ಪಿಸ್ತೂಲನ್ನು ಪಂಜಾಬಿನ ಹುಸೇನಿವಾಲದ ವಸ್ತುಸಂಗ್ರಹಾಲಯಕ್ಕೆ ಸ್ಥಳಾಂತರಿಸಲಾಯಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಆ ಪಿಸ್ತೂಲಿನ ಹೊರನೋಟದಲ್ಲಿ ವಿಶೇಷವೇನೂ ಇರಲಿಲ್ಲ. ಅದೇ ಬಗೆಯ ಲಕ್ಷಾಂತರ ಪಿಸ್ತೂಲುಗಳು ಅಮೆರಿಕದ ಹಾರ್ಟ್‌ಫರ್ಡ್ ಕಾರ್ಖಾನೆಯಿಂದ ಹೊರಬಿದ್ದಿದ್ದವು. ಅದನ್ನು ಉಳಿದವುಗಳಿಂದ ಬೇರ್ಪಡಿಸಿದ್ದು ಆರು ಅಂಕೆಗಳು. ಆ ಅಂಕೆಗಳನ್ನು ಯಾರಾದರೂ ಉಜ್ಜಿ ಅಳಿಸಿದ್ದರೆ ರಾಷ್ಟ್ರದ ಚರಿತ್ರೆಯ ಒಂದು ವಸ್ತು ಹೆಸರಿಲ್ಲದ ಕಬ್ಬಿಣವಾಗಿ ಉಳಿಯುತ್ತಿತ್ತು.

ಇಂತಹುದೇ ಇನ್ನೊಂದು ಪಿಸ್ತೂಲು ಪ್ರಯಾಗರಾಜದ ಅಲಹಾಬಾದ್ ವಸ್ತುಸಂಗ್ರಹಾಲಯದಲ್ಲಿದೆ. 1931ರ ಫೆಬ್ರವರಿ 27ರಂದು ಆಲ್ಫ್ರೆಡ್ ಪಾರ್ಕಿನಲ್ಲಿ ಪ್ರಾಣತೆತ್ತ ಚಂದ್ರಶೇಖರ ಆಜಾದ್ ಅವರ ಕೋಲ್ಟ್ ಅದು. ಅದನ್ನು '1903ರಲ್ಲಿ ತಯಾರಾದ ಪಿಸ್ತೂಲು' ಎಂದು ಬರೆಯುವ ಪರಿಪಾಠ ಪತ್ರಿಕೆಗಳಲ್ಲಿದೆ. ಆದರೆ 1903 ಎಂಬುದು ಮಾದರಿಯ ಹೆಸರು. ಆ ಹೆಸರಿನ ಪಿಸ್ತೂಲು ಎರಡನೆಯ ಮಹಾಯುದ್ಧದ ಕಾಲದವರೆಗೂ ತಯಾರಾಗುತ್ತಿತ್ತು. ನಿರ್ದಿಷ್ಟ ಪಿಸ್ತೂಲೊಂದು ತಯಾರಾದ ವರ್ಷವನ್ನು ಅದರ ಕ್ರಮಸಂಖ್ಯೆ ಮಾತ್ರ ಹೇಳಬಲ್ಲದು. ನಮ್ಮ ಮನೆಗಳ ಹಳೆಯ ಪಿಸ್ತೂಲುಗಳ ಬಗೆಗೆ ಕೇಳಿಬರುವ ಮಾತಿಗೂ ಇದೇ ಅಳತೆ ಅನ್ವಯಿಸುತ್ತದೆ.

ಐದು ಬಗೆಗಳು

ಈ ಪಿಸ್ತೂಲಿನ ವಿನ್ಯಾಸಕಾರ ಅಮೆರಿಕದ ಜಾನ್ ಮೋಸೆಸ್ ಬ್ರೌನಿಂಗ್. ಟ್ರಿಗರನ್ನು ಒಮ್ಮೆ ಒತ್ತಿದರೆ ಒಂದೇ ಗುಂಡು ಹಾರುತ್ತದೆ. ಆ ಸ್ಫೋಟದ ಬಲದಿಂದಲೇ ಸ್ಲೈಡ್ ಹಿಂದೆ ಸರಿದು ಖಾಲಿ ತೋಟೆಯನ್ನು ಹೊರಚೆಲ್ಲಿ, ಮುಂದಿನ ತೋಟೆಯನ್ನು ನಳಿಗೆಯೊಳಕ್ಕೆ ತಳ್ಳುತ್ತದೆ. ಅರೆ ಸ್ವಯಂಚಾಲಿತ ಎಂಬ ಹೆಸರಿಗೆ ಇದೇ ಕಾರಣ. ಸುತ್ತಿಗೆ ಹೊರಗೆ ಕಾಣದಂತೆ ಸ್ಲೈಡಿನೊಳಗೆ ಅಡಗಿರುವುದರಿಂದ ಇದನ್ನು ಸುತ್ತಿಗೆಯಿಲ್ಲದ ಪಿಸ್ತೂಲೆಂದು ಕರೆಯಲಾಯಿತು. ಮ್ಯಾಗಜಿನ್‌ನಲ್ಲಿ ಎಂಟು ತೋಟೆಗಳಿಗೆ ಅವಕಾಶವಿದೆ.

ಒಟ್ಟು ಸುಮಾರು 5,72,000 ಪಿಸ್ತೂಲುಗಳು ತಯಾರಾದವು. ಕಂಪೆನಿ ಕಾಲಕಾಲಕ್ಕೆ ಮಾಡಿದ ಬದಲಾವಣೆಗಳ ಆಧಾರದಲ್ಲಿ ಸಂಗ್ರಾಹಕರು ಇವನ್ನು ಐದು ಬಗೆಗಳಾಗಿ ವಿಂಗಡಿಸಿದ್ದಾರೆ.

ಮೊದಲ ಬಗೆ: 1903ರಿಂದ 1908ರವರೆಗೆ; ಕ್ರಮಸಂಖ್ಯೆ 1ರಿಂದ 71,999. ನಳಿಗೆಯ ಉದ್ದ 4 ಅಂಗುಲ. ಸ್ಲೈಡಿನ ಮುಂತುದಿಯಲ್ಲಿ ನಳಿಗೆಯನ್ನು ಸುತ್ತುವರಿದ ಪ್ರತ್ಯೇಕ ಬಳೆಯೊಂದು, ಅಂದರೆ ಬುಶಿಂಗ್, ಇರುತ್ತದೆ.

ಎರಡನೆಯ ಬಗೆ: 1908ರಿಂದ 1910ರವರೆಗೆ, ಕ್ರಮಸಂಖ್ಯೆ 72,000ದಿಂದ 1,05,050. ನಳಿಗೆ 3¾ ಅಂಗುಲಕ್ಕೆ ಇಳಿಯಿತು. ಬುಶಿಂಗ್ ಹಾಗೆಯೇ ಮುಂದುವರಿಯಿತು.

ಮೂರನೆಯ ಬಗೆ: 1910ರಿಂದ 1926ರವರೆಗೆ; ಕ್ರಮಸಂಖ್ಯೆ 1,05,051ರಿಂದ 4,68,096. ಬುಶಿಂಗ್ ತೆಗೆದುಹಾಕಲಾಯಿತು. ಮುಂತುದಿಯಿಂದ ನೋಡಿದರೆ ಸ್ಲೈಡ್ ಮತ್ತು ನಳಿಗೆಯ ನಡುವೆ ಬೇರೊಂದು ಬಳೆ ಕಾಣಿಸದು.

ನಾಲ್ಕನೆಯ ಬಗೆ: 1926ರಿಂದ ಎರಡನೆಯ ಮಹಾಯುದ್ಧದ ಕಾಲದವರೆಗೆ, ಕ್ರಮಸಂಖ್ಯೆ 4,68,097ರಿಂದ 5,54,446. ಮ್ಯಾಗಜಿನ್ ಹೊರತೆಗೆದಾಗ ಗುಂಡು ಹಾರದಂತೆ ತಡೆಯುವ ಹೆಚ್ಚುವರಿ ಸುರಕ್ಷತಾ ವ್ಯವಸ್ಥೆ ಸೇರಿತು.

ಐದನೆಯ ಬಗೆ: ಯುದ್ಧಕಾಲದಲ್ಲಿ ಅಮೆರಿಕದ ಸೇನೆಗಾಗಿ ತಯಾರಾದದ್ದು, ಕ್ರಮಸಂಖ್ಯೆ 5,54,447ರಿಂದ 5,72,214. ಫ್ರೇಮಿನ ಬಲಬದಿಯಲ್ಲಿ 'ಯು.ಎಸ್. ಪ್ರಾಪರ್ಟಿ' ಎಂಬ ಅಚ್ಚು ಇರುತ್ತದೆ. ಇವುಗಳಲ್ಲಿ ಮೊದಲಿನವುಗಳಿಗೆ ನೀಲಿ ಲೇಪ, ನಂತರದವುಗಳಿಗೆ ಹೊಳಪಿಲ್ಲದ ಬೂದುಬಣ್ಣದ ಪಾರ್ಕರೈಸ್ ಲೇಪ.

ಈ ಪಟ್ಟಿಯನ್ನು ಕೈಯಲ್ಲಿ ಹಿಡಿದು ಭಗತ್ ಸಿಂಗ್ ಪಿಸ್ತೂಲಿನ ಸಂಖ್ಯೆಯನ್ನು ನೋಡಿದರೆ, 168896 ಮೂರನೆಯ ಬಗೆಯ ಪಟ್ಟಿಯೊಳಗೆ ಬರುತ್ತದೆ. ಆದ್ದರಿಂದ ಅದು 1910ರ ಬಳಿಕ ಮತ್ತು 1926ಕ್ಕಿಂತ ಮುಂಚೆ ತಯಾರಾದದ್ದು, 3¾ ಅಂಗುಲದ ನಳಿಗೆಯುಳ್ಳದ್ದು, ಬುಶಿಂಗ್ ಇಲ್ಲದ್ದು ಎಂದು ಪಿಸ್ತೂಲನ್ನು ಕಾಣದೆಯೇ ಹೇಳಬಹುದು. ಈ ಬಗೆಯ ಲೆಕ್ಕಾಚಾರವೇ ಗುರುತಿಸುವ ವಿದ್ಯೆಯ ಮೂಲ. ಸಂಖ್ಯೆ ಒಂದು ಬಗೆಯನ್ನು ಸೂಚಿಸಬೇಕು; ಆಯುಧದ ಅಂಗಾಂಗಗಳು ಅದನ್ನು ದೃಢಪಡಿಸಬೇಕು. ಎರಡೂ ಪರಸ್ಪರ ವಿರುದ್ಧವಾದರೆ ಎಲ್ಲೋ ಯಾವುದೋ ಭಾಗ ಬದಲಾಗಿದೆಯೆಂದು ಅರ್ಥ.

ಪಟ್ಟಿಯಿಂದ ಇನ್ನೊಂದು ಸಂಗತಿಯೂ ಹೊರಡುತ್ತದೆ. ಒಟ್ಟು ಉತ್ಪಾದನೆಯಲ್ಲಿ ನೂರಕ್ಕೆ ಸುಮಾರು 63ರಷ್ಟು ಮೂರನೆಯ ಬಗೆಯವು. ಎರಡನೆಯ ಬಗೆ ಸುಮಾರು 33,000 ಮಾತ್ರ. ಐದನೆಯದು ಸುಮಾರು 17,700. ಆದ್ದರಿಂದ ಸಾಧಾರಣ ಕೋಲ್ಟ್ ಒಂದನ್ನು 'ಬಹಳ ಅಪರೂಪದ್ದು' ಎಂದು ಹೇಳಿ ಹೆಚ್ಚಿನ ಬೆಲೆ ಕೇಳುವವರ ಮಾತನ್ನು ಪರಾಂಬರಿಸಿ ನೋಡುವುದು ಒಳ್ಳೆಯದು.

ಎಲ್ಲಿ ನೋಡಬೇಕು, ಏನನ್ನು ನೋಡಬೇಕು

ಕ್ರಮಸಂಖ್ಯೆ ಇರುವುದು ಫ್ರೇಮಿನ ಎಡಬದಿಯಲ್ಲಿ, ಟ್ರಿಗರ್ ಗಾರ್ಡಿನ ಮೇಲ್ಭಾಗದಲ್ಲಿ. ಪರವಾನಗಿ ಪುಸ್ತಕದಲ್ಲಿ ಬರೆದಿರಬೇಕಾದದ್ದು ಈ ಸಂಖ್ಯೆ. ಸ್ಲೈಡಿನ ಎಡಬದಿಯಲ್ಲಿ ಕಂಪೆನಿಯ ಹೆಸರು, ಹಾರ್ಟ್‌ಫರ್ಡ್ ವಿಳಾಸ ಹಾಗೂ 1897ರ ಏಪ್ರಿಲ್ 20 ಮತ್ತು 1903ರ ಡಿಸೆಂಬರ್ 22 ಎಂಬ ಪೇಟೆಂಟ್ ದಿನಾಂಕಗಳು ಅಚ್ಚಾಗಿವೆ. ಈ ದಿನಾಂಕಗಳನ್ನೇ ತಯಾರಿಕೆಯ ದಿನಾಂಕಗಳೆಂದು ಭಾವಿಸುವವರಿದ್ದಾರೆ. 1925ರಲ್ಲಿ ತಯಾರಾದ ಪಿಸ್ತೂಲಿನ ಮೇಲೂ ಅವೇ ದಿನಾಂಕಗಳಿರುತ್ತವೆ.

ಬಲಬದಿಯಲ್ಲಿ 'ಆಟೋಮ್ಯಾಟಿಕ್ ಕೋಲ್ಟ್' ಎಂಬ ಬರಹ ಹಾಗೂ ಬೋರಿನ ವಿವರ ಇರುತ್ತದೆ. 'ಆಟೋಮ್ಯಾಟಿಕ್' ಎಂಬ ಪದವನ್ನು ಕಂಡು ಗಾಬರಿಪಡಬೇಕಾಗಿಲ್ಲ. ಟ್ರಿಗರ್ ಒತ್ತಿ ಹಿಡಿದಷ್ಟು ಹೊತ್ತೂ ಗುಂಡು ಹಾರಿಸುತ್ತಲೇ ಇರುವ ಆಯುಧಗಳನ್ನು ಶಸ್ತ್ರಾಸ್ತ್ರ ಕಾಯಿದೆ ನಿಷೇಧಿತ ಆಯುಧಗಳ ಸಾಲಿನಲ್ಲಿ ಇರಿಸಿದೆ. ಕೋಲ್ಟ್ 1903 ಆ ಬಗೆಯದಲ್ಲ. ತೋಟೆಯನ್ನು ತಾನಾಗಿ ತುಂಬಿಕೊಳ್ಳುವ ಪಿಸ್ತೂಲನ್ನು 'ಆಟೋಮ್ಯಾಟಿಕ್' ಎನ್ನುವುದು ಅಂದಿನ ವ್ಯಾಪಾರದ ರೂಢಿಯಾಗಿತ್ತು.

ಹಿಡಿಯ ಪಟ್ಟಿಗಳು ಇನ್ನೊಂದು ಸುಳಿವು. ಮೊದಲಿನವು ಗಟ್ಟಿ ರಬ್ಬರಿನವು. ಅವುಗಳ ಮೇಲೆ ಕೋಲ್ಟ್ ಹೆಸರೂ ಮುಂಗಾಲೆತ್ತಿ ನಿಂತ ಕುದುರೆಯ ಚಿತ್ರವೂ ಇರುತ್ತವೆ. 1924ರ ಸುಮಾರಿಗೆ ಇವುಗಳ ಜಾಗಕ್ಕೆ ಗೆರೆಗೆರೆ ಕೊರೆದ ವಾಲ್‌ನಟ್ ಮರದ, ಲೋಹದ ಪುಟ್ಟ ಬಿಲ್ಲೆ ಕೂರಿಸಿದ ಪಟ್ಟಿಗಳು ಬಂದವು. ಒಂದು ಲಕ್ಷದೊಳಗಿನ ಸಂಖ್ಯೆಯ ಪಿಸ್ತೂಲಿಗೆ ಮರದ ಪಟ್ಟಿ ಇದ್ದರೆ ಅದು ನಂತರ ಜೋಡಿಸಿದ್ದು ಎಂದೇ ತಿಳಿಯಬೇಕು. ಹಳೆಯ ರಬ್ಬರ್ ಪಟ್ಟಿ ಬಿರುಕು ಬಿಟ್ಟಾಗ ಊರಿನ ಬಡಗಿಯಿಂದ ಬೀಟೆ ಮರದ ಪಟ್ಟಿ ಮಾಡಿಸಿ ಹಾಕಿಸಿದರೆ ಬಳಕೆಗೆ ಅಡ್ಡಿಯಿಲ್ಲ. ಸಂಗ್ರಾಹಕರ ಲೆಕ್ಕದಲ್ಲಿ ಮಾತ್ರ ಅದು ಮೂಲರೂಪ ಕಳೆದುಕೊಂಡಂತೆ.

ಮ್ಯಾಗಜಿನ್‌ನ ತಳಭಾಗದಲ್ಲಿಯೂ ಬೋರು ಮತ್ತು ಕೋಲ್ಟ್ ಹೆಸರಿನ ಅಚ್ಚು ಇರಬೇಕು. ಪಿಸ್ತೂಲಿನೊಂದಿಗೆ ಮೂಲ ಮ್ಯಾಗಜಿನ್ ಉಳಿದಿರುವುದು ಸಂಗ್ರಾಹಕರಿಗೆ ಮುಖ್ಯವಾದ ಅಂಶ.

ಬ್ರಿಟನ್ನಿನ ಮಾರ್ಗವಾಗಿ ಬಂದ ಪಿಸ್ತೂಲುಗಳಲ್ಲಿ ಹೆಚ್ಚುವರಿ ಸಾಕ್ಷಿ ಸಿಗುತ್ತದೆ. ಲಂಡನ್ ಮತ್ತು ಬರ್ಮಿಂಗ್‌ಹ್ಯಾಮ್‌ಗಳಲ್ಲಿ ಆಯುಧದ ನಳಿಗೆಯನ್ನು ಪರೀಕ್ಷಿಸಿ ಕಿರೀಟದ ಮುದ್ರೆ ಒತ್ತುವ ಸಂಸ್ಥೆಗಳಿವೆ. 1925ರ ನಿಯಮಗಳ ಬಳಿಕ 1955ರವರೆಗೆ ಹೊರದೇಶದ ಆಯುಧಗಳ ಮೇಲೆ 'ನಾಟ್ ಇಂಗ್ಲಿಷ್ ಮೇಕ್' ಎಂಬ ಅಚ್ಚೂ ಬೀಳುತ್ತಿತ್ತು. ಅಂತಹ ಅಚ್ಚು ಇರುವ ಕೋಲ್ಟ್ 1925ರಿಂದೀಚೆಗೆ ಬ್ರಿಟನ್ನಿನ ಪರೀಕ್ಷಾಲಯವನ್ನು ಹಾದುಬಂದಿದೆಯೆಂಬುದು ಖಚಿತ. ಅಂದರೆ ಮೊದಲ ಮಹಾಯುದ್ಧದಿಂದ ನೇರವಾಗಿ ಮನೆಗೆ ಬಂತೆಂಬ ಕಥೆ ಅಲ್ಲಿಗೆ ನಿಲ್ಲುವುದಿಲ್ಲ.

ಇವೆಲ್ಲದರ ಮೇಲೆ ಅಂತಿಮ ದೃಢೀಕರಣ ಬೇಕೆನ್ನುವವರಿಗೆ ಕೋಲ್ಟ್ ಕಂಪೆನಿಯ ದಾಖಲಾಗಾರವು ಶುಲ್ಕ ಪಡೆದು ಪತ್ರ ನೀಡುವ ವ್ಯವಸ್ಥೆಯಿದೆ. ನಿರ್ದಿಷ್ಟ ಸಂಖ್ಯೆಯ ಆಯುಧ ಎಂದು ಕಾರ್ಖಾನೆಯಿಂದ ಹೊರಟಿತು, ಯಾರಿಗೆ ರವಾನೆಯಾಯಿತು ಎಂಬ ವಿವರ ಅದರಲ್ಲಿರುತ್ತದೆ.

ಕರಾವಳಿಯ ಹವೆ ಮತ್ತು ಹೊಳಪಿನ ಮೋಸ

ಕಡಲ ತಡಿಯ ಉಪ್ಪುಗಾಳಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ, ಮನೆಯೊಳಗಿನ ತೇವ ಇವೆಲ್ಲ ಉಕ್ಕಿನ ವೈರಿಗಳು. ಚರ್ಮದ ಚೀಲದೊಳಗೆ ವರ್ಷಗಟ್ಟಲೆ ಇಟ್ಟ ಪಿಸ್ತೂಲಿಗೆ ತುಕ್ಕು ಇನ್ನಷ್ಟು ಬೇಗ ಹಿಡಿಯುತ್ತದೆ. ಚರ್ಮ ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ತುಕ್ಕು ಕಂಡೊಡನೆ ಉಜ್ಜಿ, ಪಾಲಿಶ್ ಮಾಡಿಸಿ, ಹೊಸದಾಗಿ ನೀಲಿ ಲೇಪ ಅಥವಾ ನಿಕ್ಕಲ್ ಹಾಕಿಸುವುದು ಸಹಜವಾದ ಆಸೆ. ಸಂಗ್ರಾಹಕರ ದೃಷ್ಟಿಯಲ್ಲಿ ಪಿಸ್ತೂಲಿನ ಮೌಲ್ಯ ಬಹುಮಟ್ಟಿಗೆ ಕುಸಿಯುವುದು ಇಲ್ಲಿಯೇ.

ಮರುಲೇಪವನ್ನು ಪತ್ತೆಹಚ್ಚುವುದು ಕಷ್ಟವಲ್ಲ. ಕಾರ್ಖಾನೆಯಲ್ಲಿ ಒತ್ತಿದ ಅಕ್ಷರಗಳ ಅಂಚು ಚೂಪಾಗಿರುತ್ತದೆ. ಉಜ್ಜಿದ ಪಿಸ್ತೂಲಿನಲ್ಲಿ ಅಕ್ಷರಗಳ ಅಂಚು ಕರಗಿದಂತೆ ಕಾಣುತ್ತದೆ, ಸ್ಲೈಡಿನ ಮೇಲಿನ ಪುಟ್ಟ ಕುದುರೆ ಮಸುಕಾಗಿರುತ್ತದೆ, ಮೂಲೆಗಳು ದುಂಡಗಾಗಿರುತ್ತವೆ. ತುಕ್ಕು ತಿಂದ ಸಣ್ಣ ಗುಳಿಗಳ ಮೇಲೆಯೇ ಲೇಪ ಕುಳಿತಿದ್ದರೆ ಲೇಪ ತುಕ್ಕಿನ ನಂತರದ್ದು ಎಂಬುದರಲ್ಲಿ ಸಂದೇಹವಿಲ್ಲ. ಕಾರ್ಖಾನೆಯೇ ನಿಕ್ಕಲ್ ಲೇಪಿಸಿ ಕಳುಹಿಸಿದ ಪಿಸ್ತೂಲುಗಳೂ ಇವೆ. ಆದರೆ ಅಕ್ಷರಗಳ ಗೆರೆಯೊಳಗೆ ನಿಕ್ಕಲ್ ತುಂಬಿ ಓದಲು ತೊಡಕಾಗುವಂತಿದ್ದರೆ ಅದು ಊರಿನಲ್ಲಿ ಮಾಡಿಸಿದ ಕೆಲಸವಾಗಿರುವ ಸಾಧ್ಯತೆಯೇ ಹೆಚ್ಚು.

ಉಜ್ಜುವುದರಲ್ಲಿ ಇನ್ನೂ ದೊಡ್ಡ ಗಂಡಾಂತರವಿದೆ. ಪಾಲಿಶ್ ಚಕ್ರ ಕ್ರಮಸಂಖ್ಯೆಯನ್ನೂ ಸವೆಸುತ್ತದೆ. 1959ರ ಶಸ್ತ್ರಾಸ್ತ್ರ ಕಾಯಿದೆಯ 8ನೇ ಕಲಮಿನ ಪ್ರಕಾರ ಆಯುಧದ ಮೇಲಿನ ತಯಾರಕರ ಹೆಸರು, ಸಂಖ್ಯೆ ಅಥವಾ ಗುರುತನ್ನು ಅಳಿಸುವುದು, ತೆಗೆಯುವುದು, ತಿದ್ದುವುದು, ನಕಲಿಯಾಗಿ ಒತ್ತುವುದು ನಿಷಿದ್ಧ. ಅಂತಹ ಗುರುತಿಲ್ಲದ ಆಯುಧವನ್ನು ಮಾರುವಂತಿಲ್ಲ. ಅಷ್ಟೇ ಅಲ್ಲದೆ, ಗುರುತು ಅಳಿದ ಆಯುಧ ಯಾರ ಬಳಿ ಇದೆಯೋ ಅವರೇ ಅದನ್ನು ಅಳಿಸಿದರೆಂದು ಕಾನೂನು ಭಾವಿಸುತ್ತದೆ. ತಾವು ಮಾಡಿಲ್ಲವೆಂದು ರುಜುವಾತುಪಡಿಸುವ ಹೊಣೆ ಅವರದು. ತುಕ್ಕು ತೆಗೆಸುವ ಮುನ್ನ ಮನೆಯವರು ನೆನಪಿಡಬೇಕಾದ ಮೊದಲ ಮಾತು ಇದು.

.32 ಎಂದರೆ ಯಾವ .32?

ಪರವಾನಗಿ ಪುಸ್ತಕದಲ್ಲಿ '.32 ಬೋರ್' ಎಂದಷ್ಟೇ ಬರೆದಿರುವುದುಂಟು. ಆದರೆ ಈ ಹೆಸರಿನಡಿಯಲ್ಲಿ ಬೇರೆ ಬೇರೆ ತೋಟೆಗಳಿವೆ. ಕೋಲ್ಟ್ 1903ರ ತೋಟೆ .32 ಎಸಿಪಿ. ಯುರೋಪಿನಲ್ಲಿ ಇದೇ ತೋಟೆಯ ಹೆಸರು 7.65 ಮಿ.ಮೀ. ಬ್ರೌನಿಂಗ್. ಬೆಲ್ಜಿಯಂನ ಎಫ್.ಎನ್. ಕಂಪೆನಿಯ ಪಿಸ್ತೂಲಿನ ಮೇಲೆ 7.65 ಎಂದಿದ್ದರೂ, ಕೋಲ್ಟ್ ಮೇಲೆ .32 ಎಂದಿದ್ದರೂ ತೋಟೆ ಒಂದೇ. ಸರ್ಕಾರಿ ಶಸ್ತ್ರಾಸ್ತ್ರ ಕಾರ್ಖಾನೆಯ 'ಅಶನಿ' ಪಿಸ್ತೂಲಿನದೂ ಇದೇ ತೋಟೆ.

ಆದರೆ ಭಾರತದಲ್ಲಿ ತಯಾರಾಗುವ .32 ರಿವಾಲ್ವರಿನ ತೋಟೆ ಬೇರೆ. ಅದು ಸ್ಮಿತ್ ಅಂಡ್ ವೆಸನ್ ಲಾಂಗ್ ಬಗೆಯದು, ಉದ್ದ ಹೆಚ್ಚು. ಇನ್ನು ಜರ್ಮನಿಯ ಲ್ಯೂಗರ್ ಪಿಸ್ತೂಲಿನ 7.65 ಪ್ಯಾರಾಬೆಲಮ್ ಮೂರನೆಯದೇ ಆದ, ಹೆಚ್ಚು ಬಲದ ತೋಟೆ. ಹೆಸರಿನ ಹೋಲಿಕೆಯಿಂದ ಒಂದರ ತೋಟೆಯನ್ನು ಇನ್ನೊಂದಕ್ಕೆ ತುರುಕಲು ಯತ್ನಿಸುವುದು ಪ್ರಾಣಕ್ಕೆ ಸಂಚಕಾರ. ದಾಖಲೆಯಲ್ಲಿ ಬೋರಿನೊಂದಿಗೆ ತಯಾರಕರ ಹೆಸರು, ಮಾದರಿ ಮತ್ತು ಪಿಸ್ತೂಲೋ ರಿವಾಲ್ವರೋ ಎಂಬುದು ಸ್ಪಷ್ಟವಾಗಿರಬೇಕೆಂದು ಹೇಳುವುದು ಇದೇ ಕಾರಣಕ್ಕೆ.

ಹೆಸರಿನ ಗೊಂದಲ ಮಾದರಿಯಲ್ಲೂ ಇದೆ. ಬ್ರೌನಿಂಗ್ ಅವರೇ ವಿನ್ಯಾಸಗೊಳಿಸಿದ ಎಫ್.ಎನ್. 1903 ಎಂಬ ಇನ್ನೊಂದು ಪಿಸ್ತೂಲಿದೆ. ನೋಟದಲ್ಲಿ ಕೋಲ್ಟಿಗೆ ಅಣ್ಣನಂತಿದ್ದರೂ ಅದು ಗಾತ್ರದಲ್ಲಿ ದೊಡ್ಡದು. ತೋಟೆ 9 ಮಿ.ಮೀ. ಬ್ರೌನಿಂಗ್ ಲಾಂಗ್. 1908ರಲ್ಲಿ ಕೋಲ್ಟ್ ಕಂಪೆನಿಯೇ .380 ಬೋರಿನ ತಮ್ಮನೊಂದನ್ನು ಹೊರತಂದಿತು. ಅದರ ಮ್ಯಾಗಜಿನ್ ಏಳು ತೋಟೆಗಳದ್ದು, ಕ್ರಮಸಂಖ್ಯೆಗಳ ಸರಣಿ ಪ್ರತ್ಯೇಕ. ಮೇಲಿನ ಪಟ್ಟಿ ಅದಕ್ಕೆ ಅನ್ವಯಿಸದು.

ಮೊದಲ ಮಹಾಯುದ್ಧ ಕಾಲದಲ್ಲಿ ಫ್ರೆಂಚ್ ಸೇನೆಗಾಗಿ ಸ್ಪೇನಿನ ಐಬಾರ್ ಪ್ರದೇಶದ ಕಾರ್ಖಾನೆಗಳು ತಯಾರಿಸಿದ 'ರೂಬಿ' ಬಗೆಯ 7.65 ಪಿಸ್ತೂಲುಗಳೂ ಬ್ರೌನಿಂಗ್ ವಿನ್ಯಾಸದ ಅನುಕರಣೆಗಳೇ. ಪೇಶಾವರದ ಬಳಿಯ ದರ್ರಾ ಆದಮ್ ಖೇಲ್‌ನಲ್ಲಿ ಕೈಯಿಂದ ತಯಾರಾಗುವ ನಕಲುಗಳಂತೂ ಪ್ರಸಿದ್ಧ. ಅಕ್ಷರ ತಿಳಿಯದ ಕುಶಲಿಗಳು ಮೂಲ ಬರಹವನ್ನು ಚಿತ್ರದಂತೆ ನಕಲು ಮಾಡುವುದರಿಂದ ಅಕ್ಷರ ತಿರುಗುಮುರುಗಾಗಿರುವುದು, ಕಾಗುಣಿತ ತಪ್ಪಿರುವುದು ಅವುಗಳ ಗುರುತು. ಆದ್ದರಿಂದ ಸ್ಲೈಡಿನ ಬರಹವನ್ನು ಭೂತಗನ್ನಡಿ ಹಿಡಿದು ಅಕ್ಷರ ಅಕ್ಷರವಾಗಿ ಓದಬೇಕು.

ಬಗೆ ತಿಳಿಯದಿದ್ದರೆ ಪ್ರಾಣಾಪಾಯ

ಬಗೆಗಳ ವ್ಯತ್ಯಾಸದಲ್ಲಿ ಅತಿ ಮುಖ್ಯವಾದದ್ದು 1926ರ ಬದಲಾವಣೆ. ಮ್ಯಾಗಜಿನ್ ಹೊರತೆಗೆದರೆ ಪಿಸ್ತೂಲು ಖಾಲಿಯಾಯಿತೆಂಬ ನಂಬಿಕೆ ಜನರಲ್ಲಿ ವ್ಯಾಪಕವಾಗಿದೆ. ಮೊದಲ ಮೂರು ಬಗೆಗಳಲ್ಲಿ, ಅಂದರೆ 4,68,096ರವರೆಗಿನ ಸಂಖ್ಯೆಯ ಪಿಸ್ತೂಲುಗಳಲ್ಲಿ, ಮ್ಯಾಗಜಿನ್ ಕೈಯಲ್ಲಿದ್ದರೂ ನಳಿಗೆಯೊಳಗೆ ಉಳಿದ ಒಂದು ತೋಟೆ ಹಾರಬಲ್ಲದು. ಸುತ್ತಿಗೆ ಒಳಗೆ ಅಡಗಿರುವುದರಿಂದ ಅದು ಹಿಂದಕ್ಕೆಳೆದ ಸ್ಥಿತಿಯಲ್ಲಿದೆಯೇ ಎಂಬುದು ಹೊರಗಿನಿಂದ ಕಾಣುವುದೂ ಇಲ್ಲ. ನಾಲ್ಕನೆಯ ಬಗೆಯಲ್ಲಿ ತಡೆ ವ್ಯವಸ್ಥೆ ಇದ್ದರೂ ನೂರು ವರ್ಷದ ಸಮೀಪದ ಸ್ಪ್ರಿಂಗುಗಳ ಮೇಲೆ ಭರವಸೆ ಇಡಲಾಗದು.

ಆದುದರಿಂದ ತಿಜೋರಿಯಲ್ಲಿ ಅಥವಾ ಹಳೆಯ ಪೆಟ್ಟಿಗೆಯಲ್ಲಿ ಪಿಸ್ತೂಲು ಸಿಕ್ಕಾಗ ಅದನ್ನು ತುಂಬಿದ ಆಯುಧವೆಂದೇ ಪರಿಗಣಿಸಬೇಕು. ಟ್ರಿಗರ್ ಮುಟ್ಟಬಾರದು, ಬಿಚ್ಚಲು ಹೋಗಬಾರದು, ಮಕ್ಕಳ ಕೈಗೆ ಎಟಕುವಂತೆ ಇಡಬಾರದು. ಪರವಾನಗಿ ಹೊಂದಿದ ಶಸ್ತ್ರ ವ್ಯಾಪಾರಿ ಅಥವಾ ಪೊಲೀಸ್ ಸಿಬ್ಬಂದಿ ಅದನ್ನು ಖಾಲಿ ಮಾಡಿದ ಬಳಿಕವೇ ಅಚ್ಚು, ಸಂಖ್ಯೆಗಳ ಓದು ಆರಂಭವಾಗಬೇಕು.

ಬೆಲೆ ಏರಿದ್ದೇಕೆ?

1980ರ ದಶಕದ ಮಧ್ಯಭಾಗದಿಂದ ಭಾರತಕ್ಕೆ ಪಿಸ್ತೂಲುಗಳ ವಾಣಿಜ್ಯ ಆಮದು ಬಹುತೇಕ ನಿಂತಿದೆ. ಅದಕ್ಕೂ ಮುಂಚೆ ದೇಶದೊಳಗೆ ಬಂದ ವಿದೇಶೀ ಪಿಸ್ತೂಲುಗಳೇ ಪರವಾನಗಿದಾರರ ನಡುವೆ ಕೈಯಿಂದ ಕೈಗೆ ಹೋಗುತ್ತಿವೆ. ಸೇನೆ, ಪೊಲೀಸರು ಬಳಸುವ 9 ಮಿ.ಮೀ. ಪಿಸ್ತೂಲು ಸಾಮಾನ್ಯ ನಾಗರಿಕರಿಗೆ ನಿಷೇಧಿತ ಬೋರು. ಹೀಗಾಗಿ ನಿಷೇಧವಿಲ್ಲದ .32 ಬೋರಿನ ಹಳೆಯ ಕೋಲ್ಟ್, ವೆಬ್ಲಿ, ಬ್ರೌನಿಂಗ್, ವಾಲ್ಟರ್‌ಗಳಿಗೆ ಬೇಡಿಕೆ ಹೆಚ್ಚಿ, ಅವುಗಳ ಬೆಲೆ ಲಕ್ಷಗಳ ಲೆಕ್ಕಕ್ಕೆ ಏರಿದೆ. ಅಮೆರಿಕದಲ್ಲಿ ಸಂಗ್ರಾಹಕರು ಬಗೆ, ಲೇಪ, ಮೂಲ ಪೆಟ್ಟಿಗೆ ನೋಡಿ ಬೆಲೆ ಕಟ್ಟುತ್ತಾರೆ. ಇಲ್ಲಿ 'ವಿದೇಶೀ' ಎಂಬ ಒಂದೇ ಪದಕ್ಕೆ ಬೆಲೆ ಏರುತ್ತದೆ. ಬಗೆಯ ಅರಿವಿಲ್ಲದ ಮಾರುವವರೂ ಕೊಳ್ಳುವವರೂ ಸಮಾನವಾಗಿ ಮೋಸಹೋಗುವುದು ಈ ಕಾರಣದಿಂದಲೇ.

ವಾರಸುದಾರರಿಗೆ ಕಾನೂನು ಏನು ಹೇಳುತ್ತದೆ?

ಪರವಾನಗಿದಾರರು ತೀರಿಕೊಂಡೊಡನೆ ಆ ಪರವಾನಗಿಯ ಬಲದಿಂದ ಮನೆಯವರು ಆಯುಧ ಇಟ್ಟುಕೊಳ್ಳುವಂತಿಲ್ಲ. ಕಾಯಿದೆಯ 21ನೇ ಕಲಮಿನಂತೆ ಅದನ್ನು ವಿಳಂಬವಿಲ್ಲದೆ ಸಮೀಪದ ಠಾಣೆಯಲ್ಲಿ ಅಥವಾ ಪರವಾನಗಿ ಹೊಂದಿದ ವ್ಯಾಪಾರಿಯಲ್ಲಿ ಠೇವಣಿ ಇರಿಸಬೇಕು. ಬಳಿಕ ವಾರಸುದಾರರು ತಮ್ಮ ಹೆಸರಿಗೆ ಪರವಾನಗಿ ಕೋರಬಹುದು. ಪರವಾನಗಿದಾರರು 70 ವರ್ಷ ತುಂಬಿದಾಗ ಅಥವಾ 25 ವರ್ಷ ಆಯುಧ ಹೊಂದಿದ ಮೇಲೆ ಜೀವಿತಕಾಲದಲ್ಲಿಯೇ ವಾರಸುದಾರರಿಗೆ ವರ್ಗಾಯಿಸಲು 2016ರ ಶಸ್ತ್ರಾಸ್ತ್ರ ನಿಯಮಗಳು ಅವಕಾಶ ಕೊಟ್ಟಿವೆ. ಮಂಗಳೂರು ನಗರ ಪೊಲೀಸ್ ಕಮಿಷನರೇಟ್ ವ್ಯಾಪ್ತಿಯಲ್ಲಿ ಅರ್ಜಿಯು ಪೊಲೀಸ್ ಆಯುಕ್ತರ ಮುಂದೆಯೂ, ಜಿಲ್ಲೆಯ ಉಳಿದೆಡೆ ಜಿಲ್ಲಾಧಿಕಾರಿಗಳ ಮುಂದೆಯೂ ಹೋಗುತ್ತದೆ.

2019ರ ತಿದ್ದುಪಡಿಯಿಂದ ಒಬ್ಬರು ಹೊಂದಬಹುದಾದ ಆಯುಧಗಳ ಮಿತಿ ಮೂರರಿಂದ ಎರಡಕ್ಕೆ ಇಳಿದಿದೆ. ಪಿತ್ರಾರ್ಜಿತವಾಗಿ ಬಂದ ಆಯುಧಗಳಿಗೂ ಈ ಮಿತಿ ಅನ್ವಯ. ಈಗಾಗಲೇ ಎರಡು ಕೋವಿ ಇರುವ ಮಗನ ಪಾಲಿಗೆ ತಂದೆಯ ಪಿಸ್ತೂಲು ಬಂದರೆ ಒಂದನ್ನು ಬಿಟ್ಟುಕೊಡಬೇಕಾಗುತ್ತದೆ. ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಮಾರಬೇಕು ಎಂಬ ತೀರ್ಮಾನಕ್ಕೆ ಪಿಸ್ತೂಲಿನ ನಿಜವಾದ ಗುರುತು ತಿಳಿದಿರುವುದು ಅಗತ್ಯ. ಮಾರಾಟವಾದರೂ ಪರವಾನಗಿ ಇರುವವರಿಗೇ ಆಗಬೇಕು. ಖಾಸಗಿ ಮಾರಾಟಕ್ಕೆ ಮುನ್ನ ಅಧಿಕಾರಿಗಳಿಗೆ ಲಿಖಿತ ಸೂಚನೆ ನೀಡಿ ಕನಿಷ್ಠ 45 ದಿನ ಕಳೆಯಬೇಕು. ಪರವಾನಗಿ ಇಲ್ಲದೆ ಆಯುಧ ಇಟ್ಟುಕೊಂಡರೆ 2019ರ ಬಳಿಕ ಎರಡು ವರ್ಷಕ್ಕೆ ಕಡಿಮೆಯಿಲ್ಲದ, ಐದು ವರ್ಷದವರೆಗಿನ ಸೆರೆವಾಸ ವಿಧಿಸಬಹುದು.

'ನೂರು ವರ್ಷ ಹಳೆಯದು, ಪ್ರಾಚ್ಯವಸ್ತು, ಪರವಾನಗಿ ಯಾಕೆ?' ಎಂಬ ಪ್ರಶ್ನೆಯೂ ಕೇಳಿಬರುತ್ತದೆ. ಕಾಯಿದೆಯ 45ನೇ ಕಲಮು ವಿನಾಯಿತಿ ನೀಡುವುದು ಹಳೆಯ ಮಾದರಿಯ ಅಥವಾ ಪ್ರಾಚ್ಯ ಮೌಲ್ಯದ ಆಯುಧಗಳಲ್ಲಿ ದುರಸ್ತಿ ಮಾಡಿದರೂ ಗುಂಡು ಹಾರಿಸಲಾಗದಂತಹವುಗಳಿಗೆ ಮಾತ್ರ. ಕೋಲ್ಟ್ 1903ರ ತೋಟೆ ಇಂದಿಗೂ ತಯಾರಾಗುತ್ತಿದೆ. ಪಿಸ್ತೂಲು ಸುಸ್ಥಿತಿಯಲ್ಲಿದ್ದರೆ ಹಾರುತ್ತದೆ. ಅದರ ವಯಸ್ಸು ಪರವಾನಗಿಗೆ ಬದಲಿಯಾಗದು. ನೆರೆಯ ಕೊಡಗಿನವರಿಗೆ ಬ್ರಿಟಿಷ್ ಕಾಲದಿಂದ ಬಂದಿರುವ ವಿನಾಯಿತಿಯನ್ನು 2029ರವರೆಗೆ ಮುಂದುವರಿಸಲಾಗಿದ್ದರೂ, ಅದು ಕೊಡವ ಜನಾಂಗ ಹಾಗೂ ಜಮ್ಮಾ ಹಿಡುವಳಿದಾರರಿಗೆ ಸೀಮಿತವಾದದ್ದು. ಕರಾವಳಿಯವರು ಅದನ್ನು ತಮಗೆ ಅನ್ವಯಿಸಿಕೊಳ್ಳುವಂತಿಲ್ಲ.

ಸಂಖ್ಯೆಯನ್ನು ಕಾಪಾಡಿ

1914ರ ಆಗಸ್ಟ್ 26ರಂದು ಕಲ್ಕತ್ತದ ರೊಡ್ಡಾ ಕಂಪೆನಿಗೆ ಬಂದ ಸರಕಿನಿಂದ 50 ಮೌಸರ್ ಪಿಸ್ತೂಲುಗಳನ್ನೂ 46,000 ತೋಟೆಗಳನ್ನೂ ಕ್ರಾಂತಿಕಾರಿಗಳು ಅಪಹರಿಸಿದ್ದರು. ಪ್ರತಿ ಪಿಸ್ತೂಲಿನ ಸಂಖ್ಯೆಯೂ ಕಂಪೆನಿಯ ಬಳಿ ಇತ್ತು. ಆ ಸಂಖ್ಯೆಗಳ ಆಧಾರದಿಂದಲೇ ಮುಂದಿನ ವರ್ಷಗಳಲ್ಲಿ ಬಂಗಾಳದ ಬೇರೆ ಬೇರೆ ಪ್ರಕರಣಗಳಲ್ಲಿ ಸಿಕ್ಕ ಮೌಸರ್‌ಗಳನ್ನು ಬ್ರಿಟಿಷ್ ಪೊಲೀಸರು ಗುರುತಿಸಿದರು. ಅಂದು ಆಳುವವರ ಕೈಯಲ್ಲಿ ಸಾಕ್ಷ್ಯವಾಗಿದ್ದ ಅಂಕೆಗಳು ನೂರು ವರ್ಷದ ಬಳಿಕ ಭಗತ್ ಸಿಂಗ್ ಪಿಸ್ತೂಲನ್ನು ದೇಶಕ್ಕೆ ಮರಳಿ ಪರಿಚಯಿಸುವ ಸಾಧನವಾದವು.

ಮನೆಯಲ್ಲಿ ಹಳೆಯ ಪಿಸ್ತೂಲು ಇರುವವರು ಮೊದಲು ಮಾಡಬೇಕಾದ ಕೆಲಸ ಸರಳವಾದದ್ದು. ಖಾಲಿ ಮಾಡಿಸಿದ ಪಿಸ್ತೂಲಿನ ಎರಡೂ ಬದಿಯ ಸ್ಪಷ್ಟ ಛಾಯಾಚಿತ್ರ ತೆಗೆಸಿಡಬೇಕು. ಸಂಖ್ಯೆಯನ್ನು ಪರವಾನಗಿ ಪುಸ್ತಕದೊಂದಿಗೆ ಅಂಕೆ ಅಂಕೆಯಾಗಿ ಹೋಲಿಸಬೇಕು. ವ್ಯತ್ಯಾಸ ಕಂಡರೆ ಪರವಾನಗಿ ಪ್ರಾಧಿಕಾರಕ್ಕೆ ತಾವೇ ಮುಂದಾಗಿ ಲಿಖಿತವಾಗಿ ತಿಳಿಸಬೇಕು. ಹಳೆಯ ಖರೀದಿ ರಶೀದಿ, ಠೇವಣಿ ಚೀಟಿ, ನವೀಕರಣದ ಕಾಗದಗಳನ್ನು ಎಸೆಯದೆ ಪಿಸ್ತೂಲಿನ ಜೊತೆಗೇ ಮುಂದಿನವರಿಗೆ ದಾಟಿಸಬೇಕು. ತುಕ್ಕು ಇದ್ದರೆ ತೆಳುವಾಗಿ ಎಣ್ಣೆ ಸವರಿ, ಚರ್ಮದ ಚೀಲದಿಂದ ಹೊರಗೆ ಒಣಗಿದ ಜಾಗದಲ್ಲಿ ಬೀಗ ಹಾಕಿ ಇಡಬೇಕು; ಉಜ್ಜಿಸಿ ಹೊಳಪು ಕೊಡಿಸುವ ಆಸೆಯನ್ನು ಅಲ್ಲಿಗೇ ಬಿಡುವುದು ಲೇಸು.